ಅಲಂಕಾರಿಕ ಮೀನಿನ ತೊಟ್ಟಿಯಲ್ಲಿ ಹೈಡ್ರಾ ಮತ್ತು ಅನಿಮೋನ್ ಪೀಡೆ: ಗುರುತಿಸುವಿಕೆ ಹಾಗೂ ಹತೋಟಿ

ಕಪಿಲಾ ನದಿಯು ನಂಜನಗೂಡನ್ನು ಬಳಸಿ ಹರಿದು ತಿರುಮಕೂಡಲು ನರಸೀಪುರದಲ್ಲಿ ಕಾವೇರಿಯನ್ನು ಸೇರುವವರೆಗಿನ ಸೀಮೆಯು ಮುಖ್ಯವಾಗಿ ಭತ್ತ, ಕಬ್ಬು ಮತ್ತು ಬಾಳೆಯ ನಾಡು. ನಾಲೆಯ ನೀರು, ಕೊಳವೆಬಾವಿ ಮತ್ತು ಮನೆಯ ಹಿತ್ತಲಿನಲ್ಲಿ ನಾಲ್ಕು ಸಿಮೆಂಟ್ ತೊಟ್ಟಿಗಳಿಗೆ ಬೇಕಾದಷ್ಟು ಜಾಗ ಇರುವ ಇಂತಹ ಕಡೆ ಅಲಂಕಾರಿಕ ಮೀನು ಸಾಕಣೆಯು ಒಂದು ಒಳ್ಳೆಯ ಉಪಕಸುಬು. 2020ರಲ್ಲಿ ಆರಂಭವಾದ ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆಯಲ್ಲಿ ಹಿತ್ತಲು ಮಟ್ಟದ ಅಲಂಕಾರಿಕ ಮೀನು ಘಟಕಗಳಿಗೆ ಘಟಕ ವೆಚ್ಚದ ಮೇಲೆ ಸಾಮಾನ್ಯ ವರ್ಗದವರಿಗೆ ಶೇ. 40, ಮಹಿಳೆಯರಿಗೆ ಹಾಗೂ ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಶೇ. 60ರ ಸಹಾಯಧನ ನಿಗದಿಯಾಗಿದೆ. ಉಳಿದ ಹಣವನ್ನು ಮಾತ್ರ ಸಾಕುವವರೇ ಹೊಂದಿಸಬೇಕು. ಅದು ಸಾಮಾನ್ಯವಾಗಿ ಸಾಲದ ಹಣ. ಆದುದರಿಂದ ಮೊದಲ ಒಂದೆರಡು ತಂಡದ ಮರಿಗಳು ಉಳಿಯುತ್ತವೆಯೋ ಇಲ್ಲವೋ ಎಂಬುದರ ಮೇಲೆ ಇಡೀ ಘಟಕದ ಭವಿಷ್ಯ ನಿಂತಿರುತ್ತದೆ.

ಹೊಸದಾಗಿ ಆರಂಭಿಸಿದವರಿಂದ ಬರುವ ಒಂದು ಬಗೆಯ ದೂರಿಗೆ ಕ್ಷೇತ್ರ ಸಿಬ್ಬಂದಿ ವಿಶೇಷ ಗಮನ ಕೊಡಬೇಕು. ಮೊಟ್ಟೆಗಳು ಚೆನ್ನಾಗಿ ಒಡೆದವು, ಮರಿಗಳು ಈಜತೊಡಗಿದವು, ಮೇವೂ ತಿಂದವು. ಆದರೆ ದಿನದಿಂದ ದಿನಕ್ಕೆ ಎಣಿಕೆ ಕುಗ್ಗುತ್ತಿದೆ, ಸತ್ತ ಮರಿ ಮಾತ್ರ ಒಂದೂ ಕಾಣುವುದಿಲ್ಲ. ರೋಗ ಬಂದಿದ್ದರೆ ಸತ್ತ ಮರಿಗಳು ತೇಲಬೇಕು ಅಥವಾ ತಳ ಸೇರಬೇಕು. ನೀರು ಕೆಟ್ಟಿದ್ದರೆ ಎಲ್ಲವೂ ಒಮ್ಮೆಲೇ ಸಾಯಬೇಕು. ಹೆಣವೇ ಇಲ್ಲದೆ ಸಂಖ್ಯೆ ಕರಗುತ್ತಿದ್ದರೆ ತೊಟ್ಟಿಯಲ್ಲಿ ಯಾರೋ ಉಣ್ಣುತ್ತಿದ್ದಾರೆಂದೇ ಅರ್ಥ. ಕೊಡತಿ ಹುಳು, ಏರೋಪ್ಲೇನ್ ಚಿಟ್ಟೆಯ ಮರಿಹುಳು ಮುಂತಾದ ದೊಡ್ಡ ಭಕ್ಷಕಗಳು ಕಣ್ಣಿಗೆ ಬೀಳುತ್ತವೆ. ಕಣ್ಣಿಗೆ ಬೀಳದೆ, ಗೋಡೆಗೆ ಅಂಟಿಕೊಂಡು ಈ ಕೆಲಸ ಮಾಡುವ ಜೀವಿಯೆಂದರೆ ಹೈಡ್ರಾ.

ಹೈಡ್ರಾ ಎಂಬುದು ಗಿಡವಲ್ಲ, ಪಾಚಿಯಲ್ಲ, ಹುಳುವೂ ಅಲ್ಲ. ಅದು ಕಡಲಿನ ಹವಳ, ಲೋಳೆಮೀನು ಮತ್ತು ಕಡಲ ಹೂವೆಂದು ಕರೆಯುವ ಅನಿಮೋನ್‌ಗಳ ಬಳಗಕ್ಕೆ ಸೇರಿದ ಪ್ರಾಣಿ. ಆ ಬಳಗದಲ್ಲಿ ಬಹುತೇಕ ಎಲ್ಲವೂ ಉಪ್ಪುನೀರಿನವು. ಹೈಡ್ರಾ ಸಿಹಿನೀರಿಗೆ ಒಗ್ಗಿದ ಕೆಲವೇ ಜೀವಿಗಳಲ್ಲೊಂದು. ನಗರಗಳಲ್ಲಿ ಉಪ್ಪುನೀರಿನ ಹವಳದ ಅಕ್ವೇರಿಯಂ ಇಟ್ಟುಕೊಳ್ಳುವವರನ್ನು ಕಾಡುವ ಐಪ್ಟೇಸಿಯಾ ಎಂಬ ಪೀಡಕ ಅನಿಮೋನ್ ಮತ್ತು ನಮ್ಮ ಹಿತ್ತಲಿನ ತೊಟ್ಟಿಯ ಹೈಡ್ರಾ ಒಂದೇ ವಂಶದ ದೂರದ ನೆಂಟರು. ಅವುಗಳ ಕಾಟದ ರೀತಿ ಒಂದೇ. ಅವುಗಳನ್ನು ನಿಭಾಯಿಸುವಾಗ ಹೊಸಬರು ಇಡುವ ತಪ್ಪು ಹೆಜ್ಜೆಯೂ ಒಂದೇ.

ಕಳೆ ನಿರ್ವಹಣೆಯನ್ನು ಓದಿ, ಬೋಧಿಸಿ ಬಂದ ಬೇಸಾಯ ಶಾಸ್ತ್ರಜ್ಞನಿಗೆ ಮೀನು ತೊಟ್ಟಿಯಲ್ಲೇನು ಕೆಲಸವೆಂದು ಕೆಲವರು ಕೇಳಬಹುದು. ಈ ಜೀವಿಯ ನಡತೆ ಪ್ರಾಣಿಗಿಂತ ಹೆಚ್ಚಾಗಿ ಕಳೆಯದು ಎಂಬುದೇ ನನ್ನ ಉತ್ತರ. ಗದ್ದೆಯ ಕೊನ್ನಾರಿಯನ್ನು ಬಲ್ಲ ರೈತನು ಹೈಡ್ರಾವನ್ನು ಅರ್ಧ ದಿನದಲ್ಲಿ ಅರ್ಥಮಾಡಿಕೊಳ್ಳುತ್ತಾನೆ.

ಗುರುತಿಸುವುದು ಹೇಗೆ?

ಹೈಡ್ರಾದ ದೇಹವು ಒಂದು ಸಣ್ಣ ಕೊಳವೆ. ಒಂದು ತುದಿಯು ಗಾಜು, ಗೋಡೆ, ಎಲೆ ಅಥವಾ ಗಾಳಿಕೊಳವೆಗೆ ಅಂಟಿಕೊಂಡಿರುತ್ತದೆ. ಇನ್ನೊಂದು ತುದಿಯಲ್ಲಿ ಬಾಯಿ, ಅದರ ಸುತ್ತ ಸಾಮಾನ್ಯವಾಗಿ ಐದಾರು ಕರಬಳ್ಳಿಗಳು. ಪೂರ್ಣ ಚಾಚಿದಾಗ ಒಂದು ಸೆಂಟಿಮೀಟರಿನ ಆಸುಪಾಸು, ಮುದುಡಿದಾಗ ಸಾಸಿವೆ ಕಾಳಿಗಿಂತ ಚಿಕ್ಕದು. ಬಣ್ಣ ಬಿಳಿ, ತಿಳಿಕಂದು ಅಥವಾ ಹಸಿರು. ಹಸಿರು ಜಾತಿಯ ದೇಹದೊಳಗೆ ಸೂಕ್ಷ್ಮ ಪಾಚಿಯೊಂದು ವಾಸವಾಗಿದ್ದು, ಬೆಳಕಿನಲ್ಲಿ ಆಹಾರ ತಯಾರಿಸಿ ಆಶ್ರಯ ಕೊಟ್ಟವನಿಗೂ ಪಾಲು ಕೊಡುತ್ತದೆ.

ಹಗಲಿನಲ್ಲಿ ಮೇಲಿನಿಂದ ನೋಡಿದರೆ ಏನೂ ಕಾಣದು. ಕತ್ತಲಾದ ಮೇಲೆ ಗಾಳಿಯಂತ್ರವನ್ನು ನಿಲ್ಲಿಸಿ, ನೀರು ನಿಶ್ಚಲವಾದ ನಂತರ, ಟಾರ್ಚಿನ ಬೆಳಕನ್ನು ಗೋಡೆಗೆ ಓರೆಯಾಗಿ ಹಾಯಿಸಬೇಕು. ದಾರದ ಎಳೆಗಳು ನೀರಿನಲ್ಲಿ ತೂಗಿದಂತೆ ಕಂಡರೆ ಕಡ್ಡಿಯಿಂದ ಮೆಲ್ಲನೆ ಮುಟ್ಟಿ. ಥಟ್ಟನೆ ಮುದುಡಿ ಗುಂಡಾಗಿ, ಸ್ವಲ್ಪ ಹೊತ್ತಿನ ನಂತರ ಮತ್ತೆ ನಿಧಾನವಾಗಿ ಚಾಚಿಕೊಂಡರೆ ಅದು ಹೈಡ್ರಾ. ಪಾಚಿಯ ಎಳೆ ಮುದುಡುವುದಿಲ್ಲ. ಗೋಡೆಯ ಮೇಲೆ ಜಾರುತ್ತಾ ಸಾಗುವ ಚಪ್ಪಟೆ ಬಿಳಿ ಹುಳು ಪ್ಲನೇರಿಯಾ ಆಗಿದ್ದು, ಅದರ ವಿಷಯ ಬೇರೆ.

ಕರಬಳ್ಳಿಗಳ ತುಂಬ ಕುಟುಕುಕಣಗಳಿರುತ್ತವೆ. ಪ್ರತಿಯೊಂದು ಕಣದೊಳಗೂ ಸುರುಳಿ ಸುತ್ತಿದ ವಿಷದ ಎಳೆಯಿದ್ದು, ಬೇಟೆ ತಾಗಿದ ಕ್ಷಣವೇ ಈಟಿಯಂತೆ ಚಿಮ್ಮುತ್ತದೆ. ನೀರಿನ ಸಣ್ಣ ಸಂಧಿಪದಿಗಳಾದ ಡ್ಯಾಫ್ನಿಯಾ, ಸೈಕ್ಲಾಪ್ಸ್ ಇದರ ನಿತ್ಯದ ಆಹಾರ. ಹಾಗೆಯೇ ಆಗತಾನೇ ಮೊಟ್ಟೆಯೊಡೆದ ಮೀನು ಮರಿಯೂ ಸಹ. ಗೌರಾಮಿ ಮತ್ತು ಫೈಟರ್ ಮೀನಿನ ಮರಿಗಳು ಹೊರಬರುವಾಗ 2-3 ಮಿ.ಮೀ. ಮಾತ್ರ ಇರುತ್ತವೆ, ಅವು ಹೈಡ್ರಾಕ್ಕೆ ಸುಲಭದ ತುತ್ತು. ಗೋಲ್ಡ್‌ಫಿಶ್ ಮರಿ ಸುಮಾರು 5 ಮಿ.ಮೀ. ಇದ್ದು ಮೊದಲ ವಾರ ಅಪಾಯದಲ್ಲಿರುತ್ತದೆ. ಜೀವಂತ ಮರಿ ಹಾಕುವ ಗಪ್ಪಿ, ಮೋಲಿ, ಪ್ಲಾಟಿಗಳ ಮರಿಗಳು ಹುಟ್ಟುವಾಗಲೇ ದೊಡ್ಡವಾಗಿ, ಚುರುಕಾಗಿ ಇರುವುದರಿಂದ ಬಹುಮಟ್ಟಿಗೆ ಪಾರಾಗುತ್ತವೆ. ಗಪ್ಪಿ ಸಾಕುವವರ ತೊಟ್ಟಿಯಲ್ಲಿ ಹೈಡ್ರಾ ಇದ್ದೂ ನಷ್ಟ ಕಾಣದಿರಲು ಇದೇ ಕಾರಣ. ಅದೇ ತೊಟ್ಟಿಯಲ್ಲಿ ಮುಂದೆ ಗೌರಾಮಿ ಮೊಟ್ಟೆಯಿಟ್ಟಾಗ ಮಾತ್ರ ಹೊಡೆತ ಗೊತ್ತಾಗುತ್ತದೆ. ಬೆಳೆದ ಮೀನಿಗೆ ಹಾಗೂ ಮನುಷ್ಯನ ಚರ್ಮಕ್ಕೆ ಹೈಡ್ರಾದಿಂದ ತೊಂದರೆಯಿಲ್ಲ.

ಕೆರೆದು ಕಿತ್ತರೆ ಏಕೆ ಹೆಚ್ಚುತ್ತದೆ?

ಹೈಡ್ರಾ ಕಂಡೊಡನೆ ಹೊಸಬರು ಮಾಡುವ ಮೊದಲ ಕೆಲಸವೆಂದರೆ ಬ್ರಷ್ ತೆಗೆದುಕೊಂಡು ನೀರೊಳಗೇ ಗೋಡೆಯನ್ನು ಉಜ್ಜುವುದು. ಒಂದು ದಿನ ತೊಟ್ಟಿ ಸ್ವಚ್ಛವಾಗಿ ಕಾಣುತ್ತದೆ. ಎರಡು ವಾರದ ನಂತರ ಮೊದಲಿಗಿಂತ ಹೆಚ್ಚು ಹೈಡ್ರಾಗಳು ಎಲ್ಲ ಗೋಡೆಗಳ ಮೇಲೂ ಇರುತ್ತವೆ.

ಕಾರಣವನ್ನು 1740ರ ದಶಕದಲ್ಲೇ ಅಬ್ರಹಾಂ ಟ್ರೆಂಬ್ಲೆ ಎಂಬ ಸ್ವಿಸ್ ಮೂಲದ ವಿದ್ವಾಂಸನು ಕಂಡುಹಿಡಿದನು. ನೆದರ್ಲೆಂಡ್ಸ್‌ನಲ್ಲಿ ಮನೆಪಾಠದ ಮೇಷ್ಟ್ರಾಗಿದ್ದ ಆತನು ಹಳ್ಳದ ನೀರಿನಿಂದ ತಂದ ಈ ಜೀವಿಯು ಗಿಡವೋ ಪ್ರಾಣಿಯೋ ಎಂದು ತಿಳಿಯಲು ಅದನ್ನು ತುಂಡರಿಸಿ ನೋಡಿದನು. ಪ್ರತಿಯೊಂದು ತುಂಡೂ ಕೆಲವೇ ದಿನಗಳಲ್ಲಿ ಪೂರ್ಣ ಜೀವಿಯಾಗಿ ಬೆಳೆಯಿತು. ದೇಹದ ಕೊಳವೆಯ ಬಹಳ ಸಣ್ಣ ಚೂರು ಸಹ ಹೊಸ ಹೈಡ್ರಾ ಆಗಬಲ್ಲದು. ಕಡಿದ ಕರಬಳ್ಳಿ ಮಾತ್ರ ಹಾಗೆ ಬೆಳೆಯದು. ಈ ಶಕ್ತಿಯ ಕಾರಣದಿಂದಲೇ ಹೈಡ್ರಾ ಇಂದಿಗೂ ಪ್ರಯೋಗಾಲಯಗಳ ಅಚ್ಚುಮೆಚ್ಚಿನ ಜೀವಿ. ಪುಣೆಯ ಅಗರ್ಕರ್ ಸಂಶೋಧನಾ ಸಂಸ್ಥೆಯಲ್ಲಿ ಅದರ ಮೇಲೆ ದೀರ್ಘಕಾಲದ ಅಧ್ಯಯನ ನಡೆದಿದೆ.

ಕೊನ್ನಾರಿಯುಳ್ಳ ಹೊಲದಲ್ಲಿ ರೋಟವೇಟರ್ ಓಡಿಸಿದರೆ ಏನಾಗುತ್ತದೆ ಎಂಬುದು ನಮಗೆ ಗೊತ್ತು. ಗಡ್ಡೆಗಳ ಸರಪಳಿ ತುಂಡಾಗಿ, ಸುಪ್ತವಾಗಿದ್ದ ಗಡ್ಡೆಗಳೆಲ್ಲ ಒಟ್ಟಿಗೆ ಚಿಗುರುತ್ತವೆ. ತೊಟ್ಟಿಯಲ್ಲಿ ಬ್ರಷ್ ಆಡಿಸುವುದೂ ಅಷ್ಟೇ. ಮೈಸೂರು ಸೀಮೆಯವರಿಗೆ ರಕ್ತಬೀಜಾಸುರನ ಕಥೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. ರಕ್ತದ ಹನಿ ನೆಲಕ್ಕೆ ಬೀಳುವ ಮೊದಲೇ ಚಾಮುಂಡಿಯು ಅದನ್ನು ಹೀರಿದಳೆಂಬುದು ಅಲ್ಲಿನ ಉಪಾಯ. ಇಲ್ಲಿಯೂ ಕೆರೆಯಬಾರದು, ಹೀರಬೇಕು. ಆ ವಿವರ ಮುಂದೆ ಬರುತ್ತದೆ.

ತುಂಡಾಗದಿದ್ದರೂ ಹೈಡ್ರಾ ಮೊಗ್ಗೊಡೆದು ಹೆಚ್ಚುತ್ತದೆ. ದೇಹದ ಪಕ್ಕದಲ್ಲಿ ಒಂದು ಉಬ್ಬು ಮೂಡಿ, ಅದಕ್ಕೆ ಕರಬಳ್ಳಿ ಬಂದು, ಬೇರ್ಪಟ್ಟು ಸ್ವತಂತ್ರವಾಗುತ್ತದೆ. ಹೊಟ್ಟೆತುಂಬ ಮೇವಿದ್ದಾಗ ಸಂಖ್ಯೆಯು ಮೂರು ನಾಲ್ಕು ದಿನಕ್ಕೊಮ್ಮೆ ಇಮ್ಮಡಿಯಾಗಬಲ್ಲದು. ಮೂರು ದಿನಕ್ಕೆ ಇಮ್ಮಡಿ ಎಂದು ಲೆಕ್ಕ ಹಿಡಿದರೆ ಒಂದು ಹೈಡ್ರಾ 30 ದಿನಗಳಲ್ಲಿ 1,024 ಆಗುತ್ತದೆ. ಮೇವಿಲ್ಲದಾಗ ಮೊಗ್ಗು ನಿಲ್ಲುತ್ತದೆ. ಈ ಎರಡನೆಯ ಮಾತಿನಲ್ಲಿಯೇ ಹತೋಟಿಯ ಕೀಲಿ ಇದೆ.

ಹೈಡ್ರಾ ಹೆಚ್ಚಿದರೆ ನೀರು ಕೊಳೆತಿದೆ ಎಂಬ ನಂಬಿಕೆ ಸರಿಯಲ್ಲ. ಕೊಳೆತ ನೀರಿನಲ್ಲಿ ಹೈಡ್ರಾ ಬದುಕುವುದೇ ಕಷ್ಟ. ಆಮ್ಲಜನಕ ಚೆನ್ನಾಗಿರುವ ತಿಳಿನೀರು ಅದಕ್ಕೆ ಬೇಕು. ತೊಟ್ಟಿಯಲ್ಲಿ ಹೈಡ್ರಾ ಹೆಚ್ಚಿದ್ದರೆ, ಮರಿಗಳು ತಿಂದು ಉಳಿಸುವಷ್ಟು ಜೀವಂತ ಮೇವನ್ನು ನಾವು ಸುರಿಯುತ್ತಿದ್ದೇವೆಂದು ತಿಳಿಯಬೇಕು. ಅರ್ಥಾತ್ ಈ ಕಳೆಗೆ ಗೊಬ್ಬರ ಹಾಕುತ್ತಿರುವವರು ನಾವೇ.

ಎಲ್ಲಿಂದ ಬರುತ್ತದೆ?

ನದಿ, ನಾಲೆ, ಕೆರೆ ಎಲ್ಲೆಡೆಯೂ ಹೈಡ್ರಾ ಸಹಜವಾಗಿ ಇರುತ್ತದೆ. ನಾಲೆಯ ನೀರನ್ನು ನೇರವಾಗಿ ತೊಟ್ಟಿಗೆ ಬಿಟ್ಟರೆ ಅದೂ ಜೊತೆಗೆ ಬರುತ್ತದೆ. ಕೊಳವೆಬಾವಿಯ ನೀರಿನಲ್ಲಿ ಈ ಭಯವಿಲ್ಲ. ಕೆರೆಯಿಂದ ಬಲೆಯಲ್ಲಿ ಹಿಡಿದು ತರುವ ಡ್ಯಾಫ್ನಿಯಾ ಎರಡನೆಯ ದಾರಿ. ಪೊಟ್ಟಣದ ಆರ್ಟೀಮಿಯಾ ಮೊಟ್ಟೆಗಳಿಂದ ಹೈಡ್ರಾ ಬರುತ್ತದೆಂಬ ಮಾತು ಕೇಳಿಬರುತ್ತದೆ. ಆರ್ಟೀಮಿಯಾ ಉಪ್ಪುನೀರಿನದು, ಹೈಡ್ರಾ ಸಿಹಿನೀರಿನದು. ಆದ್ದರಿಂದ ಅದು ಹಾಗಲ್ಲ. ಆರ್ಟೀಮಿಯಾ ಹಾಕಿದ ಮೇಲೆ ಮೊದಲೇ ಇದ್ದ ನಾಲ್ಕು ಹೈಡ್ರಾಗಳು ನಾನೂರಾಗಿ ಕಣ್ಣಿಗೆ ಬೀಳುತ್ತವೆ, ಅಷ್ಟೇ.

ನಮ್ಮ ಭಾಗದಲ್ಲಿ ಎಲ್ಲಕ್ಕಿಂತ ಹೆಚ್ಚು ಎಚ್ಚರ ಬೇಕಾದದ್ದು ಮೊಟ್ಟೆಯಿಡಲು ಹಾಕುವ ಸೊಪ್ಪಿನ ವಿಷಯದಲ್ಲಿ. ಗೋಲ್ಡ್‌ಫಿಶ್ ಮೊಟ್ಟೆ ಅಂಟಿಸಲೆಂದು ಕೆರೆಯ ಹೈಡ್ರಿಲ್ಲಾ ಗಿಡ ಅಥವಾ ಅಂತರಗಂಗೆಯ ಬೇರನ್ನು ತಂದು ಹಾಕುವ ರೂಢಿಯಿದೆ. ಮೊಟ್ಟೆಯನ್ನು ಯಾವುದರ ಮೇಲೆ ಇಡಿಸುತ್ತೇವೆಯೋ ಅದರಲ್ಲೇ ಮರಿಯ ಶತ್ರುವನ್ನು ತಂದು ಕೂರಿಸಿದಂತಾಗುತ್ತದೆ ಇದು. ಬದಲಿಗೆ ನೈಲಾನ್ ಅಥವಾ ಪ್ಲಾಸ್ಟಿಕ್ ದಾರದ ಕುಚ್ಚನ್ನು ಕಟ್ಟಿ, ಪ್ರತಿ ಸಲವೂ ಬಿಸಿನೀರಿನಲ್ಲಿ ಅದ್ದಿ, ಬಿಸಿಲಿನಲ್ಲಿ ಒಣಗಿಸಿ ಬಳಸಬೇಕು. ಖರ್ಚು ಬಹಳ ಕಡಿಮೆ, ಹಲವು ವರ್ಷ ಬಾಳಿಕೆ ಬರುತ್ತದೆ. ಒಂದೇ ಒಂದು ಬದಲಾವಣೆ ಮಾಡಲು ಸಾಧ್ಯವಿರುವ ಘಟಕಕ್ಕೆ ನಾನು ಹೇಳುವುದು ಇದನ್ನೇ.

ಮರಿ ತೊಟ್ಟಿಯನ್ನು ಮೊದಲೇ ಸಿದ್ಧಪಡಿಸುವುದು

ಬೆಳೆ ನಿಂತ ಹೊಲದಲ್ಲಿ ಕಳೆನಾಶಕ ಸಿಂಪಡಿಸುವುದಕ್ಕಿಂತ ಬಿತ್ತುವ ಮುನ್ನ ಕಳೆ ತೆಗೆಯುವುದು ಸುಲಭ. ಮರಿಗಳಿರುವ ತೊಟ್ಟಿಯಲ್ಲಿ ಹೈಡ್ರಾ ನಾಶಕ್ಕೆ ನಿಜವಾಗಿ ಸುರಕ್ಷಿತವಾದ ಮಾರ್ಗ ಬಹಳ ಕಡಿಮೆ. ಆದ್ದರಿಂದ ಕೆಲಸವೆಲ್ಲ ಮೊಟ್ಟೆ ಬರುವ ಮುನ್ನವೇ ಆಗಬೇಕು.

ಖಾಲಿ ತೊಟ್ಟಿ, ಗಾಳಿಕೊಳವೆ, ಬಲೆ, ಬಕೆಟ್ ಇವುಗಳನ್ನು ಬ್ಲೀಚಿಂಗ್ ಪುಡಿಯ ದ್ರಾವಣದಿಂದ ತೊಳೆಯಬೇಕು. ಶೇ. 30 ಕ್ಲೋರಿನ್ ಇರುವ ಪುಡಿಯಾದರೆ 10 ಲೀಟರ್ ನೀರಿಗೆ ಸುಮಾರು 7 ಗ್ರಾಂ ಬೆರೆಸಿ, ಒಂದು ಗಂಟೆ ನೆನೆಯಲು ಬಿಟ್ಟು, ಚೆನ್ನಾಗಿ ತೊಳೆದು ಎರಡು ಮೂರು ದಿನ ಬಿಸಿಲಿನಲ್ಲಿ ಒಣಗಿಸಬೇಕು. ಒಣಗಿಸುವುದನ್ನು ಬಿಡಬಾರದು, ಜೀವಂತ ಹೈಡ್ರಾ ಒಣಗಿದರೆ ಸಾಯುತ್ತದೆ. ಆದರೆ ಅದು ಕೆಲವು ಸಂದರ್ಭಗಳಲ್ಲಿ ಇಡುವ ಗಟ್ಟಿ ಕವಚದ ಮೊಟ್ಟೆಗಳು ಒಣಗುವಿಕೆಯನ್ನು ತಡೆದುಕೊಳ್ಳಬಲ್ಲವಾದ್ದರಿಂದ ಬರೀ ಬಿಸಿಲನ್ನು ನಂಬದೆ ಬ್ಲೀಚಿಂಗ್ ಮತ್ತು ಬಿಸಿಲು ಎರಡನ್ನೂ ಬಳಸಬೇಕು. ಹಳೆಯ, ಗಾಳಿಯಾಡಿದ ಪುಡಿಯಲ್ಲಿ ಕ್ಲೋರಿನ್ ಉಳಿದಿರುವುದಿಲ್ಲ. ಡಬ್ಬಿ ತೆರೆದಾಗ ಮೂಗಿಗೆ ಘಾಟು ಬಾರದ ಪುಡಿಯನ್ನು ಲೆಕ್ಕಕ್ಕೆ ಹಿಡಿಯಬೇಡಿ.

ನಾಲೆಯ ನೀರನ್ನೇ ಬಳಸಬೇಕಾದಲ್ಲಿ ದಟ್ಟ ಬಟ್ಟೆಯಲ್ಲಿ ಸೋಸಿ ಪ್ರತ್ಯೇಕ ತೊಟ್ಟಿಯಲ್ಲಿ ಸಂಗ್ರಹಿಸಿ, 1,000 ಲೀಟರಿಗೆ ಸುಮಾರು 33 ಗ್ರಾಂ ಅದೇ ಪುಡಿಯನ್ನು ಹಾಕಿ, ಜೋರಾಗಿ ಗಾಳಿ ಹಾಯಿಸುತ್ತಾ ಎರಡು ಮೂರು ದಿನ ಬಿಸಿಲಿಗೆ ಬಿಡಬೇಕು. ಕ್ಲೋರಿನ್ ಪೂರ್ಣ ಹೋಗಿದೆಯೆಂದು ಪರೀಕ್ಷಾ ಕಿಟ್‌ನಿಂದ ಖಚಿತಪಡಿಸಿಕೊಳ್ಳದೆ ಆ ನೀರನ್ನು ಮೀನಿಗೆ ಬಿಡಕೂಡದು.

ಇನ್ನು ಬೇಸಾಯದಿಂದ ಎರವಲು ಪಡೆದ ಒಂದು ಕ್ರಮ. ಬಿತ್ತುವ ಮುನ್ನ ಹೊಲಕ್ಕೆ ನೀರು ಹಾಯಿಸಿ, ಕಳೆ ಮೊಳೆಯಲು ಬಿಟ್ಟು, ಅದನ್ನು ಅಳಿಸಿ ನಂತರ ಬಿತ್ತುವ ಪದ್ಧತಿ ನಮ್ಮಲ್ಲಿ ಬಹಳವಾಗಿ ಶಿಫಾರಸಾಗಿದೆ. ಮರಿ ತೊಟ್ಟಿಯಲ್ಲೂ ಹಾಗೆಯೇ ಮಾಡಬಹುದು. ನೀರು ತುಂಬಿದ ಮೇಲೆ ಒಂದು ವಾರ ಮೀನು ಬಿಡದೆ, ದಿನಕ್ಕೊಮ್ಮೆ ಒಂದು ಚಿಟಿಕೆ ಆರ್ಟೀಮಿಯಾ ಮರಿಗಳನ್ನು ಹಾಕಿ. ಹೈಡ್ರಾ ಒಂದೆರಡು ಉಳಿದಿದ್ದರೂ ತಿಂದು, ಹಿಗ್ಗಿ, ಮೊಗ್ಗೊಡೆದು ರಾತ್ರಿಯ ಟಾರ್ಚಿನಲ್ಲಿ ಕಾಣಿಸಿಕೊಳ್ಳುತ್ತದೆ. ಕಂಡರೆ ನೀರನ್ನು ತೆಗೆದು ಮತ್ತೊಮ್ಮೆ ಬ್ಲೀಚಿಂಗ್ ಮಾಡಿ. ಒಂದು ವಾರ ತಡವಾಗುತ್ತದೆ, ಮರಿಗಳು ಉಳಿಯುತ್ತವೆ. ಹೊಸದಾಗಿ ಕೊಂಡ ಗಿಡಗಳನ್ನೂ ಇದೇ ರೀತಿ ಬೇರೆ ಟಬ್ಬಿನಲ್ಲಿ ಎರಡು ಮೂರು ವಾರ ಇಟ್ಟು, ಇದೇ ಆಮಿಷವೊಡ್ಡಿ ಪರೀಕ್ಷಿಸಿದ ಮೇಲೆ ತೊಟ್ಟಿಗೆ ಸೇರಿಸುವುದು ಲೇಸು.

ಹೈಡ್ರಾ ಬಂದುಬಿಟ್ಟಿದ್ದರೆ

ಮರಿಗಳಿರುವಾಗಲೇ ಪೀಡೆ ಕಂಡರೆ ಮೊದಲು ಮರಿಗಳನ್ನು ಕಾಪಾಡಬೇಕು, ಹೈಡ್ರಾವನ್ನು ಆಮೇಲೆ ನೋಡಿಕೊಳ್ಳಬಹುದು. ಶುದ್ಧ ನೀರಿನ ಮತ್ತೊಂದು ತೊಟ್ಟಿಗೆ ಮರಿಗಳನ್ನು ಲೋಟದಿಂದ ನೀರಿನ ಸಮೇತ ಮೆಲ್ಲನೆ ವರ್ಗಾಯಿಸಿ. ಬಲೆ ಬಳಸಬೇಡಿ, ಮರಿಗೂ ಪೆಟ್ಟು, ಬಲೆಗೆ ಅಂಟಿದ ಹೈಡ್ರಾಕ್ಕೂ ಸವಾರಿ. ಬೇರೆ ತೊಟ್ಟಿ ಇಲ್ಲದಿದ್ದರೆ ಜೀವಂತ ಮೇವನ್ನು ಅರ್ಧಕ್ಕಿಳಿಸಿ, ಮರಿಗಳು ಕಾಲು ಗಂಟೆಯಲ್ಲಿ ತಿಂದು ಮುಗಿಸುವಷ್ಟನ್ನೇ ಹಲವು ಸಲ ಹಾಕಿ. ಪ್ರತಿದಿನ ತಳದ ಶೇಷವನ್ನು ಸೈಫನ್ ಕೊಳವೆಯಿಂದ ತೆಗೆಯಿರಿ. ಕಾಣುವ ಹೈಡ್ರಾಗಳನ್ನು ಸೂಜಿಯಿಲ್ಲದ ಸಿರಿಂಜು ಅಥವಾ ಸಣ್ಣ ಸೈಫನ್ ಕೊಳವೆಯನ್ನು ಬುಡಕ್ಕೇ ಹಿಡಿದು ಇಡಿಯಾಗಿ ಹೀರಬೇಕು. ಹೀರಿದ ನೀರನ್ನು ಕುದಿನೀರಿಗೆ ಅಥವಾ ಕಾದ ಒಣನೆಲಕ್ಕೆ ಚೆಲ್ಲಬೇಕೇ ಹೊರತು ನಾಲೆಗಲ್ಲ, ಪಕ್ಕದ ತೊಟ್ಟಿಗಂತೂ ಅಲ್ಲ.

ಉಪವಾಸದಿಂದ ಹೈಡ್ರಾ ಕುಗ್ಗುತ್ತದೆ, ಮೊಗ್ಗೊಡೆಯುವುದನ್ನು ನಿಲ್ಲಿಸುತ್ತದೆ. ಆದರೆ ವಾರಗಟ್ಟಲೆ ಸಾಯುವುದಿಲ್ಲ. ಹಸಿರು ಜಾತಿಯದಾದರೆ ಬೆಳಕಿನ ಬಲದಿಂದ ಇನ್ನೂ ಹೆಚ್ಚು ಕಾಲ ತಾಳುತ್ತದೆ. ಆದ್ದರಿಂದ ಪೂರ್ಣ ನಾಶಕ್ಕೆ ಮೀನನ್ನು ತೆಗೆದ ಮೇಲೆ ಮುಂದಿನ ಕ್ರಮಗಳಲ್ಲಿ ಒಂದನ್ನು ಆರಿಸಿಕೊಳ್ಳಬೇಕು.

ಸಣ್ಣ ಗಾಜಿನ ತೊಟ್ಟಿಗೆ ಬಿಸಿಯೇ ಉತ್ತಮ. ಮೀನು, ಬಸವನಹುಳು ಮತ್ತು ಗಿಡಗಳನ್ನು ತೆಗೆದು, ಹೀಟರಿನಿಂದ ನೀರನ್ನು 40-42 ಡಿಗ್ರಿ ಸೆಲ್ಸಿಯಸ್‌ಗೆ ಏರಿಸಿ ಎರಡು ಗಂಟೆ ಹಿಡಿದಿಡಬೇಕು. ಹೈಡ್ರಾ ಈ ಶಾಖವನ್ನು ತಾಳಲಾರದು. ಕುದಿಯುವ ನೀರನ್ನು ನೇರವಾಗಿ ಸುರಿದರೆ ಗಾಜು ಸೀಳುತ್ತದೆ. ಫಿಲ್ಟರಿನ ಉಪಕಾರಿ ಸೂಕ್ಷ್ಮಾಣುಗಳಿಗೂ ಈ ಶಾಖ ಹಾನಿಕರವಾದ್ದರಿಂದ ಮೀನನ್ನು ಮರಳಿ ಬಿಟ್ಟ ಮೇಲೆ ಒಂದೆರಡು ವಾರ ಮೇವನ್ನು ಮಿತಿಯಲ್ಲಿಡಬೇಕು.

ದೊಡ್ಡ ಸಿಮೆಂಟ್ ತೊಟ್ಟಿಯಲ್ಲಿ ಶಾಖ ಅಸಾಧ್ಯ. ಅಲ್ಲಿ ಕಲ್ಲುಪ್ಪು ಅಗ್ಗದ ಉಪಾಯ: ಲೀಟರಿಗೆ 5 ಗ್ರಾಂ, ಅಂದರೆ 100 ಲೀಟರಿಗೆ ಅರ್ಧ ಕಿಲೋ, ಐದರಿಂದ ಏಳು ದಿನ. ಒಮ್ಮೆಲೇ ಹಾಕದೆ ಎರಡು ದಿನಗಳಲ್ಲಿ ಕಂತುಕಂತಾಗಿ ಕರಗಿಸಿ ಹಾಕಬೇಕು. ಗಪ್ಪಿ, ಮೋಲಿಗಳು ಈ ಉಪ್ಪನ್ನು ತಾಳುತ್ತವೆ. ಬಾರ್ಬ್, ಟೆಟ್ರಾ ಮತ್ತು ಮೀಸೆ ಮೀನುಗಳನ್ನು ಬೇರೆ ಕಡೆಗೆ ಸಾಗಿಸಬೇಕು. ಜಲಸಸ್ಯಗಳಿಗೂ ಇದು ಆಗದು. ಉಪ್ಪು ನೀರನ್ನು ಬಾಳೆಯ ಬುಡಕ್ಕಾಗಲಿ, ಭತ್ತದ ಗದ್ದೆಗಾಗಲಿ ಬಿಡದೆ ಪಾಳು ಜಾಗದಲ್ಲಿ ಇಂಗಿಸಬೇಕು.

ದೊಡ್ಡ ಮೀನುಗಳ ತೊಟ್ಟಿಗೆ ನೀಲಿ ಗೌರಾಮಿಯನ್ನು ಬಿಡುವುದು ಹಳೆಯ, ಪರೀಕ್ಷಿತ ಉಪಾಯ. ಅದು ಹೈಡ್ರಾವನ್ನು ಆರಿಸಿ ತಿನ್ನುತ್ತದೆ. ಆದರೆ ಮರಿಗಳನ್ನೂ ಅಷ್ಟೇ ಇಷ್ಟಪಟ್ಟು ತಿನ್ನುವುದರಿಂದ ಮರಿ ತೊಟ್ಟಿಗೆ ಸಲ್ಲದು. ಜಂತುನಾಶಕವಾದ ಫೆನ್‌ಬೆಂಡಜೋಲ್ ಹೈಡ್ರಾವನ್ನು ಕೊಲ್ಲುತ್ತದೆಂಬುದು ನಿಜ, ಬಸವನಹುಳುಗಳನ್ನೂ ಕೊಲ್ಲುತ್ತದೆ. ಅಂಗಡಿಯ ಮಾತ್ರೆಗಳಲ್ಲಿ ಬೇರೆ ಔಷಧಗಳೂ ಬೆರೆತಿರುವುದುಂಟು. ಪಶುವೈದ್ಯರು ಅಥವಾ ಮೀನುಗಾರಿಕೆ ತಜ್ಞರು ನಿಮ್ಮ ತೊಟ್ಟಿಯ ನೀರಿನ ಪ್ರಮಾಣ ನೋಡಿ ಬರೆದುಕೊಟ್ಟ ಹೊರತು ಇದನ್ನು ಬಳಸಬೇಡಿ. ತಿನ್ನುವ ಮೀನಿನ ಕೊಳಕ್ಕಂತೂ ಬೇಡವೇ ಬೇಡ.

ಮೈಲುತುತ್ತದ ವಿಷಯವನ್ನು ಒತ್ತಿ ಹೇಳಬೇಕಾಗಿದೆ. ಬೋರ್ಡೋ ದ್ರಾವಣಕ್ಕೆಂದು ತಂದ ಮೈಲುತುತ್ತ ತೋಟಗಾರರ ಮನೆಯಲ್ಲಿ ಇದ್ದೇ ಇರುತ್ತದೆ. ತಾಮ್ರಕ್ಕೆ ಹೈಡ್ರಾ ಅತ್ಯಂತ ಸೂಕ್ಷ್ಮವಾದುದರಿಂದ ಅತ್ಯಲ್ಪ ಪ್ರಮಾಣದಲ್ಲೇ ಸಾಯುತ್ತದೆ. ನೀರಿನ ಮಾಲಿನ್ಯವನ್ನು ಅಳೆಯಲು ವಿಜ್ಞಾನಿಗಳು ಹೈಡ್ರಾವನ್ನು ಬಳಸುವುದೂ ಇದೇ ಕಾರಣಕ್ಕೆ. ಆದರೆ ನೀರು ಎಷ್ಟು ಮೆದುವೋ ತಾಮ್ರದ ವಿಷ ಮೀನಿಗೂ ಅಷ್ಟೇ ಹೆಚ್ಚು. ಗಡಸು ಕೊಳವೆಬಾವಿ ನೀರಿನಲ್ಲಿ ಬದುಕಿದ ಮೀನು ಅದೇ ಪ್ರಮಾಣಕ್ಕೆ ಮೆದು ನೀರಿನಲ್ಲಿ ಸಾಯಬಹುದು. ಚಮಚದ ಅಳತೆಯಲ್ಲಿ ಹಾಕುವ ವಸ್ತು ಇದಲ್ಲ. ಬೆಳೆಗೆ ತಂದ ಕೀಟನಾಶಕವನ್ನು "ಒಂದು ಹನಿ" ಹಾಕಿ ನೋಡುವವರೂ ಇದ್ದಾರೆ. ಅದರಿಂದ ಮರಿಗಳು ಹೈಡ್ರಾಕ್ಕಿಂತ ಮೊದಲು ಸಾಯುತ್ತವೆ, ಆ ನೀರು ಹರಿದ ನಾಲೆಯಲ್ಲಿ ಇತರರ ದನಕರುಗಳು ಕುಡಿಯುತ್ತವೆ.

ಉಪ್ಪುನೀರಿನ ತೊಟ್ಟಿ ಇಟ್ಟವರಿಗೆ

ಮೈಸೂರು, ಬೆಂಗಳೂರುಗಳಲ್ಲಿ ಉಪ್ಪುನೀರಿನ ಅಕ್ವೇರಿಯಂಗಳ ಹವ್ಯಾಸ ಬೆಳೆಯುತ್ತಿದೆ. ಲೀಟರಿಗೆ ಸುಮಾರು 35 ಗ್ರಾಂ ಕೃತಕ ಸಮುದ್ರ ಲವಣ ಬೆರೆಸಿ ಒಳನಾಡಿನಲ್ಲಿಯೂ ಇದನ್ನು ನಡೆಸಬಹುದು. ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯು ಕ್ಲೌನ್ ಮೀನುಗಳನ್ನು ತೊಟ್ಟಿಯಲ್ಲೇ ಮರಿಮಾಡಿಸುವ ತಂತ್ರವನ್ನು ಸಿದ್ಧಪಡಿಸಿದೆ. ಆದರೂ ಮೊದಲ ಘಟಕವನ್ನು ಆದಾಯಕ್ಕಾಗಿ ಆರಂಭಿಸುವವರು ಸಿಹಿನೀರಿನಲ್ಲೇ ಕೈ ಪಳಗಿಸಿಕೊಳ್ಳುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ.

ಈ ತೊಟ್ಟಿಗಳಿಗೆ ತರುವ ಬಂಡೆ ಚೂರುಗಳ ಜೊತೆ ಐಪ್ಟೇಸಿಯಾ ಬರುತ್ತದೆ. ಕಂದು ಬಣ್ಣದ, ಪುಟ್ಟ ತೆಂಗಿನ ಮರದಂತೆ ಕಾಣುವ ಈ ಅನಿಮೋನನ್ನು ಕಂಡು ಹೊಸಬರು ಮೊದಲಿಗೆ ಸಂತೋಷಪಡುತ್ತಾರೆ. ಕೆಲವೇ ತಿಂಗಳಲ್ಲಿ ಅದು ಬಂಡೆಯ ತುಂಬ ಹಬ್ಬಿ ಪಕ್ಕದ ಜೀವಿಗಳನ್ನು ಕುಟುಕುತ್ತದೆ. ಪಾದದ ತುಣುಕುಗಳನ್ನು ದಾರಿಯಲ್ಲಿ ಬಿಟ್ಟು ಸಾಗುವುದು ಇದರ ಸ್ವಭಾವ. ಪ್ರತಿ ತುಣುಕೂ ಹೊಸ ಅನಿಮೋನ್. ಇದರ ದೇಹದಲ್ಲೂ ಸೂಕ್ಷ್ಮ ಪಾಚಿ ಇರುವುದರಿಂದ ಬೆಳಕಿರುವ ತನಕ ಬರೀ ಉಪವಾಸಕ್ಕೆ ಬಗ್ಗುವುದಿಲ್ಲ. ಕೀಳುವುದು, ಕೆರೆಯುವುದು ಇಲ್ಲಿಯೂ ನಿಷಿದ್ಧ. ಮಜಾನೋ ಎಂಬ ಇನ್ನೊಂದು ಪೀಡಕ ಅನಿಮೋನ್ ಗಿಡ್ಡವಾಗಿ, ಕರಬಳ್ಳಿಯ ತುದಿ ಉಬ್ಬಿದಂತೆ ಇರುತ್ತದೆ. ಅದಕ್ಕೂ ಇದೇ ಮಾತು ಅನ್ವಯಿಸುತ್ತದೆ.

ಇದಕ್ಕೆ ವಿಶ್ವದೆಲ್ಲೆಡೆ ಹವ್ಯಾಸಿಗಳು ಬಳಸುವ ಮದ್ದು ನಮ್ಮ ಎಲೆಅಡಿಕೆ ತಟ್ಟೆಯಲ್ಲಿಯೇ ಇದೆ. ಅದು ಅರಳಿದ ಸುಣ್ಣ, ಅಂದರೆ ಕ್ಯಾಲ್ಸಿಯಂ ಹೈಡ್ರಾಕ್ಸೈಡ್. ಬಣ್ಣ, ಸುಗಂಧ ಬೆರೆಸದ ಶುದ್ಧ ಸುಣ್ಣವನ್ನು ಸ್ವಲ್ಪ ನೀರಿನಲ್ಲಿ ಗಂಜಿಯಂತೆ ಕಲಸಿ, ನೀರಿನ ಪಂಪುಗಳನ್ನು ನಿಲ್ಲಿಸಿ, ಸಿರಿಂಜಿನಿಂದ ಅನಿಮೋನಿನ ಬಾಯಿಯ ಮೇಲೆ ಮೆಲ್ಲನೆ ಬಿಡಬೇಕು. ಮುಟ್ಟಿ ಬೆದರಿಸಿದರೆ ಅದು ಬಿಲದೊಳಕ್ಕೆ ಸರಿದುಬಿಡುತ್ತದೆ. ಕಾಲು ಗಂಟೆಯ ನಂತರ ಪಂಪು ಹಾಕಬಹುದು. ಸುಣ್ಣದ ತಿಳಿಯ ಪಿಎಚ್ 12ಕ್ಕೂ ಹೆಚ್ಚಿರುವುದರಿಂದ ಸಣ್ಣ ತೊಟ್ಟಿಯಲ್ಲಿ ಒಂದು ದಿನಕ್ಕೆ ಮೂರು ನಾಲ್ಕಕ್ಕಿಂತ ಹೆಚ್ಚು ಅನಿಮೋನ್‌ಗಳಿಗೆ ಹಾಕಬಾರದು, ಕಣ್ಣಿಗೆ ಕನ್ನಡಕವಿರಬೇಕು. ಉಳಿದ ಪಾದದಿಂದ ಮತ್ತೆ ಚಿಗುರುವುದುಂಟು. ವಾರಕ್ಕೊಮ್ಮೆ ನೋಡಿ ಪುನಃ ಹಾಕಬೇಕು. ಕೊನ್ನಾರಿಯ ಎರಡನೆಯ ಚಿಗುರನ್ನು ಕಾದು ಹೊಡೆದಂತೆ.

ಪೆಪ್ಪರ್‌ಮಿಂಟ್ ಸೀಗಡಿ ಕೆಲವರ ತೊಟ್ಟಿಯಲ್ಲಿ ಐಪ್ಟೇಸಿಯಾವನ್ನು ತಿನ್ನುತ್ತದೆ, ಕೆಲವರಲ್ಲಿ ತಿರುಗಿಯೂ ನೋಡುವುದಿಲ್ಲ. ಬರ್ಗಿಯಾ ಎಂಬ ಕಡಲ ಗೊಂಡೆಹುಳು ಮಾತ್ರ ಐಪ್ಟೇಸಿಯಾವನ್ನು ಬಿಟ್ಟು ಬೇರೇನನ್ನೂ ತಿನ್ನದು, ಅದು ಮುಗಿದರೆ ತಾನೂ ಸಾಯುತ್ತದೆ. ಪಾರ್ಥೇನಿಯಂ ಕಳೆಯ ಹತೋಟಿಗೆಂದು 1984ರಲ್ಲಿ ಬೆಂಗಳೂರಿನ ಸುತ್ತ ಬಿಟ್ಟ ಮೆಕ್ಸಿಕೋದ ಜೀರುಂಡೆಯನ್ನು ಬಲ್ಲವರಿಗೆ ಈ ತತ್ತ್ವ ಹೊಸದಲ್ಲ.

ಎರಡು ಎಚ್ಚರಿಕೆಗಳಿವೆ. ಮೊದಲನೆಯದು, ಅನಿಮೋನ್ ಹಬ್ಬಿದ ಬಂಡೆಯನ್ನು ಮನೆಯೊಳಗೆ ಎಂದಿಗೂ ಕುದಿಸಬಾರದು. ಅಂತಹ ಬಂಡೆಗಳ ಮೇಲೆ ಇರಬಹುದಾದ ಜೋಯಾಂತಿಡ್ ಜಾತಿಯ ಕೆಲವು ಜೀವಿಗಳಲ್ಲಿ ಪ್ಯಾಲಿಟಾಕ್ಸಿನ್ ಎಂಬ ಘೋರ ವಿಷವಿದ್ದು, ಆವಿಯೊಡನೆ ಉಸಿರಿಗೆ ಸೇರಿ ಇಡೀ ಕುಟುಂಬಗಳು ಆಸ್ಪತ್ರೆ ಸೇರಿದ ಪ್ರಕರಣಗಳು ವಿದೇಶಗಳಲ್ಲಿ ವರದಿಯಾಗಿವೆ. ಎರಡನೆಯದು, ಬಂಡೆ ಕಟ್ಟುವ ಹವಳಗಳು ಮತ್ತು ಕಡಲ ಬೀಸಣಿಗೆಗಳು 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೆಯ ಪಟ್ಟಿಯಲ್ಲಿವೆ. ನಮ್ಮ ಕಡಲಿನಿಂದ ಅವನ್ನು ಕಿತ್ತು ತರುವುದು, ಮಾರುವುದು, ಕೊಳ್ಳುವುದು ಅಪರಾಧ. ಅಂಗಡಿಯವನ ಮಾತನ್ನು ನಂಬಿ ಹವಳದ ಚೂರನ್ನು ಮನೆಗೆ ತರಬೇಡಿ. ಸುಟ್ಟ ಮಣ್ಣಿನ ಅಥವಾ ಸಿಮೆಂಟಿನ ಒಣ ಬಂಡೆಯನ್ನು ಬಳಸಿದರೆ ಕಾನೂನಿನ ಭಯವೂ ಇಲ್ಲ, ಐಪ್ಟೇಸಿಯಾ ಬರುವ ದಾರಿಯೂ ಬಹುಪಾಲು ಮುಚ್ಚುತ್ತದೆ.

ಕ್ಷೇತ್ರ ಸಿಬ್ಬಂದಿಗೆ

ತಾಂಡ್ಯ ಹಾಗೂ ಆಸುಪಾಸಿನ ಗ್ರಾಮಗಳಲ್ಲಿ ಮೀನು ಘಟಕಗಳಿಗೆ ಭೇಟಿ ಕೊಡುವವರು ಮರಿಗಳ ಸಾವಿನ ದೂರು ಬಂದಾಗ ಮೊದಲು "ಸತ್ತ ಮರಿ ಕಂಡಿರಾ?" ಎಂದು ಕೇಳಬೇಕು. ಇಲ್ಲವೆಂದರೆ ಔಷಧಿಯ ಹೆಸರು ಹೇಳುವ ಮುನ್ನ ಸಂಜೆಯ ನಂತರ ಟಾರ್ಚಿನೊಡನೆ ಮತ್ತೊಮ್ಮೆ ಹೋಗಬೇಕು. ಹಗಲಿನ ಭೇಟಿಯಲ್ಲಿ ಈ ಪೀಡೆ ತಪ್ಪಿಹೋಗುವುದೇ ಹೆಚ್ಚು. ಸಂಶಯವಿದ್ದರೆ ಗೋಡೆಯ ಎಳೆಗಳನ್ನು ತೊಟ್ಟಿಯದೇ ನೀರಿನೊಡನೆ ಹೀರಿ, ಬಿಳಿ ಗಾಜಿನ ಸೀಸೆಯಲ್ಲಿ ಅರ್ಧದಷ್ಟು ತುಂಬಿ, ನೆರಳಿನಲ್ಲಿಟ್ಟು ಅದೇ ದಿನ ಸುತ್ತೂರಿನ ಕೃಷಿ ವಿಜ್ಞಾನ ಕೇಂದ್ರಕ್ಕೆ ಅಥವಾ ತಾಲ್ಲೂಕಿನ ಮೀನುಗಾರಿಕೆ ಇಲಾಖೆಗೆ ಒಯ್ಯಬೇಕು. ಸಾರಾಯಿ ಅಥವಾ ಫಾರ್ಮಲಿನ್ ಹಾಕಿದರೆ ಹೈಡ್ರಾ ಮುದುಡಿ ಗುರುತು ಸಿಗದಂತಾಗುತ್ತದೆ. ಜೊತೆಗೆ ನೀರಿನ ಮೂಲ, ಹಾಕುತ್ತಿರುವ ಮೇವು, ಮೊಟ್ಟೆಯಿಡಿಸಲು ಬಳಸಿದ ಸೊಪ್ಪು ಅಥವಾ ಕುಚ್ಚು, ಕಳೆದ ಒಂದು ತಿಂಗಳಲ್ಲಿ ಹೊಸದಾಗಿ ತಂದ ಗಿಡ ಮತ್ತು ಮೀನು, ಇಷ್ಟನ್ನು ಒಂದು ಚೀಟಿಯಲ್ಲಿ ಬರೆದು ಸೀಸೆಗೆ ಕಟ್ಟಿ ಕಳುಹಿಸಬೇಕು.